ಆ ದಡದ ದಾನೇಶ

ದಾನೇಶನನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ನದಿ ಇಲ್ಲದ ದಿನಗಳಲ್ಲಿ. ನಮ್ಮೂರಿನಲ್ಲಿ ಚಳಿ ಹಿಂದೆ ಸರಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ನದಿ ಇರುವುದಿಲ್ಲ. ಹಿಂದಿನ ಸಂಜೆ ತುಂಬಿ ಹರಿಯುತ್ತಿದ್ದ ಕಡೆ ಹಸಿ ಮರಳು, ಪಾಚಿ ಹಿಡಿದ ಬಂಡೆ, ಯಾರೋ ಎಂದೋ ಕಳೆದುಕೊಂಡ ತಂಬಿಗೆ. ಮೀನು ಹುಡುಕಿದರೆ ಒಂದೂ ಸಿಗುವುದಿಲ್ಲ, ನೀರಿನ ಜೊತೆ ಅವೂ ಹೋಗಿರುತ್ತವೆ. ಮುಂಗಾರಿನ ಹೊತ್ತಿಗೆ ಮತ್ತೆ ಬರುತ್ತವೆ. ನದಿ ಇರುವಷ್ಟು ದಿನ ಈ ದಡಕ್ಕೂ ಆ ದಡಕ್ಕೂ ದಾರಿಯಿಲ್ಲ. ದೋಣಿ ಇಳಿಸಿದರೆ ನಡುನೀರಿನವರೆಗೆ ಹೋಗಿ ಹೊರಟ ಜಾಗಕ್ಕೇ ಬಂದು ಮುಟ್ಟುತ್ತದೆ. ಫೋನ್ ಹಚ್ಚಿದರೆ ಕಿವಿಯಲ್ಲಿ ನೀರಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಹುಟ್ಟಿದಾಗಿನಿಂದ ನೋಡಿದವರಿಗೆ ಇದೆಲ್ಲ ಒಂದು ವಿಷಯವೇ ಅಲ್ಲ. ಮದುವೆಗಳನ್ನೆಲ್ಲ ಒಣ ದಿನಗಳಲ್ಲೇ ಇಟ್ಟುಕೊಳ್ಳುತ್ತೇವೆ. ಆ ದಡದಿಂದ ಬಂದ ಸೊಸೆಯರು ಆಗಲೇ ತವರಿಗೆ ಹೋಗಿ, ನೀರು ಬರುವ ಮೊದಲು ಉಪ್ಪಿನಕಾಯಿ ಜಾಡಿ ಹೊತ್ತು ವಾಪಸಾಗುತ್ತಾರೆ. ಕೆಲವರು ವಾಪಸಾಗುವುದಿಲ್ಲ. ನೀರು ಯಾವಾಗ ಬರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಾಗದ ಕಾರಣ ಪ್ರತಿ ವರ್ಷ ಒಂದಷ್ಟು ಜನ ತಮ್ಮದಲ್ಲದ ದಡದಲ್ಲಿ ಸಿಕ್ಕಿಕೊಳ್ಳುತ್ತಾರೆ. ಮನೆಯವರು ಒಪ್ಪದ ಹುಡುಗ ಹುಡುಗಿಯರು ಬೇಕೆಂದೇ ಸಿಕ್ಕಿಕೊಳ್ಳುವುದೂ ಉಂಟು. ಮುಂದಿನ ವರ್ಷ ನೀರು ಹೋಗುವ ಹೊತ್ತಿಗೆ ಕಂಕುಳಲ್ಲಿ ಮಗು ಇರುತ್ತದೆ, ಆಮೇಲೆ ಯಾರೂ ಏನೂ ಅನ್ನುವುದಿಲ್ಲ.

ನನ್ನದು ಈ ದಡದಲ್ಲಿ, ಬಸ್ ನಿಲ್ದಾಣದ ಎದುರು ಒಂದು ಬೇಕರಿ. ಸೋದರಮಾವ ನಡೆಸುತ್ತಿದ್ದದ್ದು, ಅವರು ತೀರಿಕೊಂಡ ಮೇಲೆ ನನ್ನ ಕೈಗೆ ಬಂತು. ಒಣ ದಿನಗಳಲ್ಲಿ ಆ ದಡದವರು ಬಂದು ಬಂದು ಕೊಳ್ಳುವುದರಿಂದ ಒಲೆ ಆರುವುದೇ ಇಲ್ಲ. ಅಂಥ ಒಂದು ಮಧ್ಯಾಹ್ನ ಖಾಕಿ ಅಂಗಿಯ ಒಬ್ಬ ಖಾರಾ ಬನ್ ತೆಗೆದುಕೊಂಡು, ಒಳಗಿನ ಒಲೆಯ ಕಡೆ ಕತ್ತು ಚಾಚಿ ನೋಡಿದ.

‘ಇದು ಸೌದೆ ಒಲೇನಾ, ಕರೆಂಟಿಂದಾ?’ ಎಂದು ಕೇಳಿದ.

‘ಸೌದೆ.’

‘ಹಾಗಾದ್ರೆ ನನಗಿಲ್ಲಿ ಏನೂ ಕೆಲಸ ಇಲ್ಲ’ ಎಂದ. ಎಂದವನು ಹೋಗಲಿಲ್ಲ. ಬನ್ ಮುಗಿಸಿ, ಇನ್ನೊಂದು ಕೇಳಿ, ಅದನ್ನೂ ಮುಗಿಸಿ, ಗಾಜಿನ ಕಪಾಟಿಗೆ ಒರಗಿ ನಿಂತೇ ಇದ್ದ. ಆ ದಡದ ಲೈನ್‌ಮನ್ ಅವನು. ಹೆಸರು ದಾನೇಶ. ಬಲಗೈಯ ಎರಡು ಬೆರಳ ತುದಿ ಸುಟ್ಟು ನುಣ್ಣಗಾಗಿದ್ದವು. ಆ ಬೆರಳಿನಿಂದ ಏನು ಮುಟ್ಟಿದರೂ ಬಿಸಿಯೋ ತಂಪೋ ತಿಳಿಯುವುದಿಲ್ಲ ಎಂದು ಅವನು ನನಗೆ ಹೇಳಿದ್ದು ಆಮೇಲೆ, ನನ್ನ ಕೋಣೆಯಲ್ಲಿ.

ಹುಡುಗರ ಕಡೆಗಲ್ಲದೆ ಬೇರೆ ಕಡೆ ನನ್ನ ಮನಸ್ಸು ಹೋದದ್ದಿಲ್ಲ. ದಾನೇಶನದು ಹಾಗಲ್ಲ. ಅವನು ಮೊದಲು ತನ್ನ ದಡದ ಬೀಜದ ಅಂಗಡಿಯ ಹುಡುಗಿಯೊಬ್ಬಳನ್ನು ತುಂಬ ಇಷ್ಟಪಟ್ಟಿದ್ದ, ಅವಳ ಮನೆಯವರು ಒಪ್ಪಲಿಲ್ಲ. ‘ನನಗೆ ಗಂಡು ಹೆಣ್ಣು ಅಂತ ಮೊದಲು ಕಾಣಲ್ಲ. ಮಾತಾಡೋವಾಗ ಎದುರಿನವರು ಕೇಳಿಸ್ಕೊಳ್ತಾರಾ ಅಂತ ನೋಡ್ತೀನಿ’ ಎನ್ನುತ್ತಿದ್ದ. ನಮ್ಮಂಥವರು ಒಣ ದಿನಗಳಲ್ಲಿ ನದಿಪಾತ್ರದ ದೊಡ್ಡ ಬಂಡೆಗಳ ಹತ್ತಿರ ಸಂಜೆ ಗಾಳಿಗೆ ಬಂದಂತೆ ಬಂದು ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಿದ್ದೆವು. ಅಲ್ಲಿಯ ಒಂದು ಮರ್ಯಾದೆ ಎಂದರೆ, ನೀರಿದ್ದ ದಿನಗಳಲ್ಲಿ ಯಾರ ಜೊತೆ ಇದ್ದೆ ಎಂದು ಯಾರೂ ಯಾರನ್ನೂ ಕೇಳಬಾರದು. ಕೇಳಿದರೆ ಅಪನಂಬಿಕೆ ತೋರಿಸಿದ ಹಾಗೆ. ನಾನು, ದಾನೇಶ ಕೂಡ ಕೇಳಿಕೊಳ್ಳಲಿಲ್ಲ. ಮೊದಮೊದಲು ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಇಟ್ಟಿರುತ್ತಿದ್ದ ಡಬ್ಬಿಯಿಂದ ಕಾಂಡೋಮ್ ತಂದಿಟ್ಟುಕೊಳ್ಳುತ್ತಿದ್ದೆವು. ಎರಡನೆಯ ವರ್ಷದ ಒಣ ದಿನಗಳಲ್ಲಿ ಅದನ್ನು ಬಿಟ್ಟೆವು. ಯಾರೂ ಬಾಯಿಬಿಟ್ಟು ತೀರ್ಮಾನ ಮಾಡಿದ್ದಲ್ಲ. ಒಂದು ದಿನ ಕೈಗೆ ಸಿಗಲಿಲ್ಲ, ಆಮೇಲೆ ಹುಡುಕಲಿಲ್ಲ. ನಡುವೆ ಅದು ಇರುವುದು ಏನೋ ಪರಕೀಯರ ಹಾಗೆ ಅನ್ನಿಸತೊಡಗಿತ್ತು. ಮೋಡ ಕಟ್ಟಿದಾಗ ಅವನು ತನ್ನ ದಡಕ್ಕೆ ಹೊರಟ. ಹೊರಡುವಾಗ, ನೀರಿರುವಷ್ಟು ದಿನ ನೀನಲ್ಲದೆ ಇನ್ನೊಬ್ಬರಿಲ್ಲ ಎಂದು ಅವನೂ ಹೇಳಿದ, ನಾನೂ ಹೇಳಿದೆ. ಹೇಳಿದಾಗ ಇಬ್ಬರದೂ ಸುಳ್ಳಲ್ಲ.

ಆ ಮಳೆಗಾಲ ನಾನು ಬೇಕರಿಯ ತಾರಸಿಯಿಂದ ಆ ದಡದ ಕಂಬಗಳನ್ನು ನೋಡುವುದು ಕಲಿತೆ. ಗಾಳಿ ಮಳೆಗೆ ಅಲ್ಲಿ ತಂತಿಗಳು ಬೀಳುತ್ತಲೇ ಇರುತ್ತಿದ್ದವು. ದಾನೇಶ ಕಂಬ ಹತ್ತಿದರೆ ಇಲ್ಲಿಂದ ಒಂದು ಇರುವೆಯಷ್ಟು ಕಾಣುತ್ತಿದ್ದ. ಇರುವೆಯಷ್ಟಾದರೂ ಅವನೇ ಎಂದು ನನಗೆ ಗೊತ್ತಾಗುತ್ತಿತ್ತು, ಮೇಲೆ ಹೋದವನು ಕೆಲಸ ಶುರು ಮಾಡುವ ಮೊದಲು ಒಂದು ಸಲ ನಮ್ಮ ದಡದ ಕಡೆ ತಿರುಗುತ್ತಿದ್ದ. ಅವನಿಗೆ ನಾನು ಕಾಣುತ್ತಿದ್ದೆನೋ ಇಲ್ಲವೋ. ಬ್ರೆಡ್ಡಿನ ಹಿಟ್ಟು ಉಬ್ಬಲು ಇಟ್ಟು ಮೇಲೆ ಹೋಗಿ ನಿಲ್ಲುತ್ತಿದ್ದೆ, ಎಷ್ಟೋ ಸಲ ಹಿಟ್ಟು ಹುಳಿಯಾಗಿ ಹೋಗುತ್ತಿತ್ತು. ಹೀಗೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇರುವವನು ಮೈಗೆ ಸಿಗುವುದಿಲ್ಲವಲ್ಲ ಎನ್ನುವ ಸಂಕಟ, ಪೂರ್ತಿ ಕಣ್ಮರೆಯಾದವರಿಗಾಗಿ ಪಡುವ ಸಂಕಟಕ್ಕಿಂತ ಬೇರೆ. ಅದು ದಿನದಿನವೂ ಹೊಸದಾಗಿ ಹುಟ್ಟುತ್ತದೆ.

ಆಗಲೇ ಬೇಕಿಂಗ್ ಪೌಡರು, ಎಸೆನ್ಸು ಮಾರುವ ಕಂಪನಿಯ ಪ್ರತಿನಿಧಿ ಪ್ರಸನ್ನಕುಮಾರ ಬಂದದ್ದು. ಈ ದಡದ ಕಡೆಯಿಂದಲೇ, ಘಟ್ಟದಾಚೆಯ ಊರಿನವನು. ಮಳೆಗೆ ರಸ್ತೆ ಕುಸಿದು ಕೆಲವು ವಾರ ಲಾಡ್ಜಿನಲ್ಲಿ ಉಳಿದ. ಇಸ್ತ್ರಿ ಕೆಡದ ಅಂಗಿ, ಕತ್ತರಿಸಿದ ಉಗುರು, ಮೆಲ್ಲನೆಯ ಮಾತು. ಅವನು ನನ್ನನ್ನು ಗುರುತು ಹಿಡಿದ, ನಾನೂ ಅವನನ್ನು ಹಿಡಿದೆ. ರೋಗವಿರುವವರನ್ನು ನೋಡಿದರೇ ಗೊತ್ತಾಗುತ್ತದೆ ಎಂದು ಬಂಡೆಗಳ ಹತ್ತಿರ ಬರುವವರೆಲ್ಲ ನಂಬಿದ್ದರು. ಸೊರಗಿದವರನ್ನು, ಬಸ್ ನಿಲ್ದಾಣದಲ್ಲಿ ಮಲಗುವವರನ್ನು, ಬಹಳ ಜನರ ಜೊತೆ ಓಡಾಡುವವರನ್ನು ದೂರ ಇಟ್ಟರೆ ಸಾಕು ಎಂದು. ನಾನೂ ಹಾಗೆಯೇ ಆರಿಸಿಕೊಂಡೆ. ಅವನು ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಪಕ್ಕ ಮಲಗಿ ಹೊರಗಿನ ಮಳೆ ಕೇಳುತ್ತಾ ಆ ದಡದಲ್ಲಿ ಕರೆಂಟು ಹೋಗಿರಬಹುದು ಎಂದು ಯೋಚಿಸುತ್ತಿದ್ದೆ. ರಸ್ತೆ ಸರಿಯಾಯಿತು, ಅವನು ಹೋದ.

ದೀಪಾವಳಿ ಕಳೆದ ಮೇಲೆ ನನಗೆ ಬಿಡದ ಜ್ವರ ಬಂತು. ಬಾಯೊಳಗೆಲ್ಲ ಬಿಳಿ ಹುಣ್ಣು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೋಣೆ ನೋಡಿಕೊಳ್ಳುತ್ತಿದ್ದವರು ಫ್ಲೋರಾ ಸಿಸ್ಟರ್. ಅವರ ಮಗಳ ಹುಟ್ಟುಹಬ್ಬದ ಕೇಕು ಪ್ರತಿ ವರ್ಷ ನನ್ನ ಬೇಕರಿಯದೇ. ಆ ಸಲುಗೆ ಇದ್ದದ್ದರಿಂದ ಅವರ ಮುಂದೆ ಕೂರುವುದೇ ಕಷ್ಟವಾಯಿತು. ಅವರು ಬಾಗಿಲು ಹಾಕಿ, ನನ್ನ ಪಕ್ಕದ ಕುರ್ಚಿಗೆ ಬಂದು ಕೂತು, ಎಚ್‌ಐವಿ ಇದೆ ಎಂದು ನೇರವಾಗಿ ಹೇಳಿದರು. ನಾನು ಗೋಡೆಯ ಫ್ಯಾನ್ ಸ್ವಿಚ್ಚು ನೋಡುತ್ತಾ ಕೂತೆ.

‘ಇದಕ್ಕೆ ಮಾತ್ರೆ ಇದೆ ಚಂದ್ರಹಾಸ. ಇವತ್ತಿಂದಲೇ ಶುರು ಮಾಡೋಣ. ದಿನಾ ತಪ್ಪದೆ ತಗೊಂಡ್ರೆ ಬೇರೆಯವರ ಹಾಗೆ ನೀನೂ ಮುದುಕನಾಗ್ತೀಯ’ ಎಂದರು.

‘ಯಾರಿಂದ ಬಂತು ಅಂತ ಗೊತ್ತಾಗುತ್ತಾ?’

‘ರಕ್ತ ಹೆಸರು ಹೇಳಲ್ಲಪ್ಪ. ಯಾರಿಂದ ಅಂತ ಹುಡುಕಿ ನಿನಗೆ ಏನೂ ಸಿಗಲ್ಲ. ಯಾರಿಗೆ ಹೇಳಬೇಕು ಅಂತ ಯೋಚನೆ ಮಾಡು. ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಲ್ಲ.’

ಇಬ್ಬರು ಎಂದೆ. ಪ್ರಸನ್ನಕುಮಾರನ ನಂಬರು ಕೊಟ್ಟೆ. ನನ್ನ ಹೆಸರು ಎತ್ತದೆ ಅವರೇ ಫೋನ್ ಮಾಡಿ ತಿಳಿಸಿದರು, ಅವನು ಪೂರ್ತಿ ಕೇಳಿಸಿಕೊಂಡು ಏನೂ ಅನ್ನದೆ ಇಟ್ಟನಂತೆ. ಇನ್ನೊಬ್ಬರು ಎಂದು ಸಿಸ್ಟರ್ ಕೇಳಿದರು. ಆ ದಡ ಎಂದೆ. ಅವರು ಕಿಟಕಿಯ ಕಡೆ ನೋಡಿದರು. ನದಿ ಹೋಗಲು ಇನ್ನೂ ಚಳಿಗಾಲವೆಲ್ಲ ಕಳೆಯಬೇಕಿತ್ತು.

ಆ ದಡಕ್ಕೆ ಸುದ್ದಿ ಮುಟ್ಟಿಸುವ ದಾರಿ ಒಂದೇ, ಕೂಗಿಸುವುದು. ನಮ್ಮ ಕಡೆ ನದಿಗಿಳಿಯುವ ಮೆಟ್ಟಿಲ ಮೇಲೆ ಕೆಂಚಮ್ಮ ಕೂರುತ್ತಾಳೆ, ಆ ಕಡೆಯೂ ಹಾಗೆ ಒಬ್ಬರು ಇದ್ದಾರೆ. ಸಾಮಾನ್ಯರ ಕೂಗು ನಡುನೀರಿಗೇ ಹರಿದುಹೋಗುತ್ತದೆ. ಕೆಂಚಮ್ಮನದು ಆ ದಡದ ಅಡುಗೆಮನೆಗಳವರೆಗೆ ಹೋಗುತ್ತದೆ. ಗಂಡುಮಗು ಹುಟ್ಟಿದ್ದು, ಅಜ್ಜ ತೀರಿಕೊಂಡದ್ದು, ಎಮ್ಮೆ ಈದದ್ದು, ಅಳಿಯನಿಗೆ ಸಿಟ್ಟು ಇಳಿದದ್ದು, ಎಲ್ಲ ಅವಳ ಬಾಯಲ್ಲೇ. ಊರಿಗೆ ಊರೇ ಕೇಳುತ್ತದೆ, ಅದಕ್ಕೇ ನಮ್ಮಲ್ಲಿ ಗುಟ್ಟುಗಳೆಲ್ಲ ಒಣ ದಿನಗಳಿಗಾಗಿ ಕಾಯುತ್ತವೆ. ನನ್ನ ಗುಟ್ಟಿಗೆ ಕಾಯುವ ಹಾಗಿರಲಿಲ್ಲ. ದಾನೇಶನ ಮೈಯಲ್ಲೂ ಅದು ಇದ್ದರೆ, ಪ್ರತಿ ವಾರ ಕಳೆದಂತೆ ಅವನು ಸೊರಗುತ್ತಿರಬಹುದು. ಅವನು ಇನ್ನೊಬ್ಬರ ಜೊತೆ ಇದ್ದರೆ ಅವರಿಗೂ ದಾಟಿರಬಹುದು.

ಒಂದು ಬೆಳಿಗ್ಗೆ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಕೆಂಚಮ್ಮನ ಹತ್ತಿರ ಹೋದೆ. ಅವಳು ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯುತ್ತಿದ್ದಳು. ಲೈನ್‌ಮನ್ ದಾನೇಶನಿಗೆ ಒಂದು ಮಾತು ಹೇಳಬೇಕು ಎಂದೆ.

‘ಹೇಳಪ್ಪ.’

‘ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸ್ಕೋ ಅಂತ.’

‘ಯಾರು ಹೇಳಿದ್ದು ಅಂತ ಕೂಗಲಿ?’

ಬರೀ ಅವನ ಹೆಸರು ಹಿಡಿದು ಕೂಗಿದರೂ ಸಂಜೆಯೊಳಗೆ ಎರಡೂ ದಡದಲ್ಲಿ ಅವನ ರಕ್ತದ ಮಾತೇ ಆಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕೆಂಚಮ್ಮ ನೀರು ಉಗಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಾಯಿ ಹುಣ್ಣಾದ ನನ್ನ ಮುಖ ನೋಡಿದಳು.

‘ಏನು ಕಾಯಿಲೆ?’ ಎಂದಳು, ತಗ್ಗಿದ ದನಿಯಲ್ಲಿ. ಅವಳಿಗೆ ತಗ್ಗಿದ ದನಿಯೂ ಇದೆ ಎಂದು ನನಗೆ ಗೊತ್ತಿರಲಿಲ್ಲ. ಹೇಳಿದೆ. ದಾನೇಶ ನನಗೆ ಏನಾಗಬೇಕು ಎಂದು ಅವಳು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಸ್ಕತ್ತು ತಿಂದಳು.

‘ನನ್ನ ತಮ್ಮ ಇದರಲ್ಲೇ ಹೋದ, ಲಾರಿ ಓಡಿಸೋನು’ ಎಂದಳು. ‘ಆಗ ಮಾತ್ರೆ ಇರಲಿಲ್ಲ. ಇದ್ದರೂ ನಾವು ಯಾರಿಗೂ ಹೇಳ್ತಿರಲಿಲ್ಲ, ಅಷ್ಟು ಭಯ. ಒಬ್ಬನ ಹೆಸರು ಹಿಡಿದು ಕೂಗಿದ್ರೆ ಅವನ ಬಾಳು ಹಾಳು. ಎಲ್ಲರಿಗೂ ಕೂಗ್ತೀನಿ ಬಿಡು. ಅವನ ಕಿವಿಗೆ ಅವನದು ಬೀಳುತ್ತೆ.’

ಆ ಸಂಜೆ ಅವಳು ಸೊಂಟಕ್ಕೆ ಸೆರಗು ಬಿಗಿದು ಮೇಲಿನ ಮೆಟ್ಟಿಲ ಮೇಲೆ ನಿಂತು ಕೂಗಿದ್ದನ್ನು ನಾನು ತಾರಸಿಯಿಂದ ಕೇಳಿದೆ. ಆ ದಡದ ಗಂಡಸರೇ, ಹೆಂಗಸರೇ, ಹೋದ ಒಣಗಾಲದಲ್ಲಿ ಈ ಕಡೆ ಬಂದು ಯಾರ ಜೊತೆ ಮಲಗಿದ್ದರೂ ಸರಿ, ಅಲ್ಲೇ ಇದ್ದು ಯಾರ ಜೊತೆ ಮಲಗಿದ್ದರೂ ಸರಿ, ನಿಮ್ಮ ಕಡೆಯ ಆಸ್ಪತ್ರೆಗೆ ಹೋಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ, ಇದ್ದರೆ ಮಾತ್ರೆ ಉಂಟು, ನಾಚಿಕೆ ಬೇಡ. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಪಂಚಾಯ್ತಿಯ ಹಿರಿಯರೊಬ್ಬರು ಬಂದು ಇದೇನಮ್ಮ ಇಂಥ ಮಾತು ಎಂದು ಆಕ್ಷೇಪಿಸಿದರಂತೆ. ಎಮ್ಮೆ ಈದದ್ದನ್ನು ಕೂಗಬಹುದು, ಜನ ಸಾಯದ ಹಾಗೆ ಕೂಗಬಾರದಾ ಎಂದಳಂತೆ. ಮಾರನೆಯ ಸಂಜೆಯೂ ಕೂಗಿದಳು, ಅದರ ಮಾರನೆಯ ಸಂಜೆಯೂ.

ಕೂಗು ಶುರುವಾದ ಮೇಲೆ ದಾನೇಶ ಕಂಬ ಹತ್ತಿದಾಗ ನಮ್ಮ ದಡದ ಕಡೆ ತಿರುಗುವುದು ನಿಂತಿತು. ನೇರವಾಗಿ ಮೇಲೆ ಹೋಗುತ್ತಿದ್ದ, ಕೆಲಸ ಮುಗಿಸಿ ಇಳಿಯುತ್ತಿದ್ದ. ಅವನಿಗೆ ಅರ್ಥವಾಗಿದೆ ಎಂದು ನನಗೆ ತಿಳಿದದ್ದು ಹಾಗೆ. ಮಾತ್ರೆ ಶುರುವಾದ ಹೊಸದರಲ್ಲಿ ತಲೆ ಸುತ್ತುತ್ತಿತ್ತು, ವಿಚಿತ್ರ ಕನಸು ಬೀಳುತ್ತಿತ್ತು. ಆಮೇಲೆ ಹುಣ್ಣು ಮಾಯ್ದವು, ಮೈ ಕೈ ತುಂಬಿತು. ಬೇಕರಿಗೆ ಬಂದವರು ಏನಪ್ಪ ಕಳೆ ಬಂದಿದೆ ಎನ್ನುತ್ತಿದ್ದರು. ರಕ್ತದಲ್ಲಿ ವೈರಸ್ ಎಣಿಕೆಗೆ ಸಿಗದಷ್ಟು ಇಳಿದು, ಹಾಗೆಯೇ ನಿಂತರೆ, ನನ್ನಿಂದ ಇನ್ನೊಬ್ಬರಿಗೆ ಕೂಡುವಾಗ ದಾಟುವುದೇ ಇಲ್ಲ, ಅದಕ್ಕೆ ಆರು ತಿಂಗಳಾದರೂ ಬೇಕು ಎಂದು ಫ್ಲೋರಾ ಸಿಸ್ಟರ್ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಇನ್ನೊಬ್ಬರು ಎಂದರೆ ಯಾರು ಎಂದುಕೊಂಡಿದ್ದೆ.

ನದಿ ಹೋದ ಬೆಳಿಗ್ಗೆ ಎಂದಿನಂತೆ ಜನ ಮರಳಿನ ಮೇಲೆ ಓಡಿ ಬಂದರು. ಅಕ್ಕತಂಗಿಯರು ನಡುಪಾತ್ರದಲ್ಲೇ ತಬ್ಬಿಕೊಂಡು ಅತ್ತರು. ನಾನು ಒಲೆ ಬಿಟ್ಟು ಕದಲಲಿಲ್ಲ, ಬಾಗಿಲಲ್ಲಿ ಖಾಕಿ ಬಣ್ಣ ಕಂಡಾಗೆಲ್ಲ ತಲೆ ಎತ್ತುತ್ತಿದ್ದೆ. ಅವತ್ತು ಅವನು ಬರಲಿಲ್ಲ. ಆ ವಾರವೂ ಬರಲಿಲ್ಲ. ಬಾರದಿರುವುದೇ ಅವನ ಉತ್ತರ ಎಂದು ಒಪ್ಪಿಕೊಂಡು, ಒಪ್ಪಿದ ಮೇಲೂ ದಿನಾ ಎರಡು ಖಾರಾ ಬನ್ ತೆಗೆದಿಡುತ್ತಿದ್ದೆ.

ಅವನು ಬಂದದ್ದು ಬಿಸಿಲು ಏರಿದ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊರಗಿದ್ದಾನೆಯೇ ಎಂದು ನನ್ನ ಕಣ್ಣು ಮೊದಲು ಹುಡುಕಿತು. ಗಡ್ಡ ಬಿಟ್ಟಿದ್ದ, ಅಷ್ಟೇ.

‘ನನಗಿಲ್ಲ. ಎರಡು ಸಲ ಮಾಡಿಸಿದೆ’ ಎಂದ.

ಅಷ್ಟು ದಿನ ಎದೆಯಲ್ಲಿ ಹೊತ್ತದ್ದು ಇಳಿಯಿತು. ಇಳಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು. ಅವನಿಗಿಲ್ಲ, ನನಗಿದೆ. ನಡುವೆ ಈಗ ನದಿಯಿಲ್ಲದಿದ್ದರೂ ನಾವು ಬೇರೆ ಬೇರೆ ದಡದವರು.

‘ನಿನಗೆ?’ ಎಂದ. ಗೊತ್ತಿದ್ದೇ ಕೇಳಿದ, ನನ್ನ ಬಾಯಿಂದ ಕೇಳಬೇಕಿತ್ತು. ಇದೆ ಎಂದೆ. ಪ್ರಸನ್ನಕುಮಾರನ ವಿಷಯವನ್ನೂ ಹೇಳಿದೆ. ಅವನು ಸಿಟ್ಟಾಗುತ್ತಾನೆಂದು ಕಾದೆ. ಅವನು ಹಿಟ್ಟಿನ ಮೂಟೆಯ ಮೇಲೆ ಕೂತು ಬಹಳ ಹೊತ್ತು ತನ್ನ ಸುಟ್ಟ ಬೆರಳನ್ನು ಉಜ್ಜಿಕೊಂಡ.

‘ಬೀಜದ ಅಂಗಡಿಯವಳು ಗಂಡನ್ನ ಬಿಟ್ಟು ಬಂದಿದ್ದಳು’ ಎಂದ ಕೊನೆಗೆ. ‘ಮಳೆಗಾಲ ಪೂರ್ತಿ ಅವಳ ಜೊತೆ ಇದ್ದೆ. ಕೂಗು ಕೇಳಿದ ದಿನ ಅವಳಿಗೂ ಹೇಳಿ, ಕರ್ಕೊಂಡು ಹೋಗಿ ಇಬ್ಬರೂ ಮಾಡಿಸ್ಕೊಂಡ್ವಿ. ಅವಳಿಗೂ ಇಲ್ಲ. ಆಮೇಲೆ ಅವಳು ನನ್ನ ಹತ್ತಿರ ಬರಲಿಲ್ಲ. ನಾನು ನಿನಗೆ ಮಾತು ಕೊಟ್ಟು ಹೋಗಿದ್ದೆ. ಯಾವ ಮುಖ ಹೊತ್ತು ಕಂಬದ ಮೇಲಿಂದ ಈ ಕಡೆ ನೋಡ್ಲಿ?’

ಅವನು ತಿರುಗದೆ ಇದ್ದದ್ದಕ್ಕೆ ನಾನು ಹಚ್ಚಿಕೊಂಡಿದ್ದ ಅರ್ಥ ಬೇರೆಯಾಗಿತ್ತು. ಇಬ್ಬರೂ ನಗುವ ಸ್ಥಿತಿಯಲ್ಲಿರಲಿಲ್ಲ. ಅವನಿಗೆ ಎತ್ತಿಟ್ಟಿದ್ದ ಬನ್ ಕೊಟ್ಟೆ, ತಿಂದ.

ಆಮೇಲೆ ಅವನು ದಿನಾ ಬರತೊಡಗಿದ. ಮಧ್ಯಾಹ್ನ ಊಟವಾದ ಮೇಲೆ ಒಲೆಯ ಪಕ್ಕದ ಮೂಟೆಗಳ ಮೇಲೆ ಮಲಗಿ ನಿದ್ದೆ ಹೋಗುತ್ತಿದ್ದ. ನಾನು ದೂರ ಕೂತು ನೋಡುತ್ತಿದ್ದೆ. ಅವನು ಕೈ ಚಾಚಿದರೆ ಟ್ರೇ ತೊಳೆಯಲು ಎದ್ದು ಹೋಗುತ್ತಿದ್ದೆ. ಮುಟ್ಟಿದರೆ ಏನೂ ಆಗುವುದಿಲ್ಲ, ಮುತ್ತಿಟ್ಟರೂ ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಮೈ ಹಿಂದೆ ಸರಿಯುತ್ತಿತ್ತು. ಒಂದು ದಿನ ಅವನು ನನಗೆ ಹೇಳದೆ ಆಸ್ಪತ್ರೆಗೆ ಹೋಗಿ, ನಾನು ನಾಚಿಕೆಯಿಂದ ಕೇಳದೆ ಬಿಟ್ಟಿದ್ದನ್ನೆಲ್ಲ ಫ್ಲೋರಾ ಸಿಸ್ಟರನ್ನು ಕೇಳಿ ಬಂದ. ಕಾಂಡೋಮ್ ಇದ್ದರೆ ಏನು, ಹರಿದರೆ ಏನು ಮಾಡಬೇಕು, ಯಾವುದರಲ್ಲಿ ಅಪಾಯ ಎಷ್ಟು. ಸಿಸ್ಟರಿಗೇ ಬೆವರು ಬಂತಂತೆ. ಸೋಂಕಿಲ್ಲದವರು ಮೊದಲೇ ನುಂಗಿದರೆ ಸೋಂಕು ತಗಲದ ಹಾಗೆ ತಡೆಯುವ ಮಾತ್ರೆಯೂ ಇದೆಯಂತೆ, ಅದರ ಡಬ್ಬಿ ಅವನ ಜೇಬಿನಲ್ಲಿತ್ತು.

‘ನೋಡು, ನಾನು ದಿನಾ ಕರೆಂಟಿನ ಜೊತೆ ಬದುಕೋನು’ ಎಂದ. ‘ಕೈಗವಸು ಹಾಕಬೇಕು, ಲೈನ್ ಆಫ್ ಮಾಡಬೇಕು, ಟೆಸ್ಟರ್ ಇಟ್ಟು ನೋಡಬೇಕು. ಅಷ್ಟು ಮಾಡಿದ್ರೆ ತಂತಿಯನ್ನ ಹೆಗಲ ಮೇಲೆ ಹಾಕ್ಕೊಂಡು ಕೂರಬಹುದು.’

‘ನಾನೇನು ತಂತಿನಾ?’ ಎಂದೆ. ನನಗೆ ನಿಜವಾಗಿ ನೋವಾಗಿತ್ತು.

‘ಅಲ್ಲ. ಅಲ್ಲ ಮಾರಾಯ’ ಎಂದ. ‘ನನಗೆ ಬೇರೆ ಮಾತು ಬರಲ್ಲ. ನನಗೂ ಹೆದರಿಕೆ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಹೆದರಿಕೆ ಇದ್ದೂ ಹೇಗೆ ಹತ್ತಿರ ಇರಬಹುದು ಅಂತ ಕೇಳ್ಕೊಂಡು ಬಂದೆ. ದೂರ ಇರೋದಾಗಿದ್ರೆ ಕೇಳೋಕೆ ಯಾಕೆ ಹೋಗ್ತಿದ್ದೆ?’

ಅವತ್ತು ಅವನು ಕೈ ಚಾಚಿದಾಗ ನಾನು ಏಳಲಿಲ್ಲ. ಆ ಒಣ ದಿನಗಳಲ್ಲಿ ನಾವು ಇದ್ದದ್ದು ಎಚ್ಚರದಿಂದ. ಮೊದಲಿನ ಹಾಗೆ ಮೈಮರೆಯಲಿಲ್ಲ. ನಡುವೆ ರಬ್ಬರು ಇತ್ತು, ಅವನ ಮಾತ್ರೆ ಇತ್ತು, ನನ್ನ ಮಾತ್ರೆ ಇತ್ತು. ಮುಂಚೆ ಪರಕೀಯ ಅನ್ನಿಸಿದ್ದೇ ಈಗ ಅವನು ನನಗಾಗಿ ಮಾಡುವ ಕೆಲಸದಂತೆ, ನಾನು ಅವನಿಗಾಗಿ ಮಾಡುವ ಕೆಲಸದಂತೆ ಕಾಣುತ್ತಿತ್ತು. ಹಾಗಿದ್ದರೂ ಎಷ್ಟೋ ಸಲ ನಾನು ನಡುವೆಯೇ ಗೋಡೆಯ ಕಡೆ ತಿರುಗಿಬಿಡುತ್ತಿದ್ದೆ. ಅವನು ನನ್ನ ಬೆನ್ನ ಮೇಲೆ ಕೈಯಿಟ್ಟು ಮಲಗುತ್ತಿದ್ದ. ಸುಟ್ಟ ಬೆರಳಿಗೆ ನನ್ನ ಬಿಸಿ ತಿಳಿಯುವುದಿಲ್ಲವಲ್ಲ ಎಂದು ಅಂಗೈ ಅಗಲಿಸಿ ಇಡುತ್ತಿದ್ದ.

ಮೋಡ ಕಟ್ಟತೊಡಗಿತು. ಗಾಳಿಗೆ ನೀರಿನ ವಾಸನೆ ಬಂದ ಸಂಜೆ ಜನ ಗಂಟುಮೂಟೆ ಹೊತ್ತು ಅವರವರ ದಡಕ್ಕೆ ಹೊರಟರು. ನಾವು ಬಂಡೆಗಳನ್ನೂ ದಾಟಿ ನಡುಪಾತ್ರದವರೆಗೆ ಹೋಗಿ ನಿಂತೆವು. ಇಲ್ಲೇ ಸಿಕ್ಕಿಕೋ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹುಡುಗಿಯೊಬ್ಬಳು ಹುಡುಗನ ಮನೆಯಲ್ಲಿ ಸಿಕ್ಕಿಕೊಂಡರೆ ಊರೆಲ್ಲ ಸುದ್ದಿ. ಗಂಡಸೊಬ್ಬ ಗಂಡಸಿನ ಮನೆಯಲ್ಲಿ ಸಿಕ್ಕಿಕೊಂಡರೆ ಪಾಪ, ನೆಂಟ ಎನ್ನುತ್ತಾರೆ, ಹಾಸಿಗೆ ಕೊಡುತ್ತಾರೆ. ಅವನಿಗೂ ಅದೇ ಯೋಚನೆ ಇತ್ತೆಂದು ಕಾಣುತ್ತದೆ.

‘ಮಳೆಗಾಲದಲ್ಲಿ ಆ ಕಡೆ ಕಂಬ ಹತ್ತೋನು ನಾನೊಬ್ಬನೇ. ಬಾಣಂತಿಯರು, ಮಕ್ಕಳು ಕತ್ತಲಲ್ಲಿ ಕೂರಬೇಕಾಗುತ್ತೆ. ಈ ದಡಕ್ಕೆ ವರ್ಗ ಕೇಳಿದೀನಿ. ಕೊಟ್ರೆ ಮುಂದಿನ ವರ್ಷ’ ಎಂದ.

‘ನಾನೇ ಬರ್ತೀನಿ ಅಂದ್ರೆ ಸಿಸ್ಟರ್ ಬಿಡಲ್ಲ. ಮೊದಲ ವರ್ಷ ಇಲ್ಲೇ ಇರಬೇಕಂತೆ, ರಕ್ತ ನೋಡ್ತಾ ಇರಬೇಕಂತೆ.’

‘ಇರು. ಇಲ್ಲೇ ಇರು.’

ದೂರದಲ್ಲಿ ಯಾರೋ ಯಾರನ್ನೋ ಬೇಗ ಬನ್ನಿ ಎಂದು ಕರೆಯುತ್ತಿದ್ದರು. ನಾನು ಅವನ ಅಂಗಿಯ ಗುಂಡಿ ಹಿಡಿದು, ‘ಈ ಸಲ ನನಗೆ ಯಾರೂ ಬೇಡ. ನಿನ್ನ ಬಿಟ್ಟು ಯಾರೂ ಇಲ್ಲ’ ಎಂದೆ.

‘ಹಾಗೆ ಹೇಳಬೇಡ’ ಎಂದ. ‘ಹೋದ ಸಲ ಇಬ್ಬರೂ ಹೇಳಿದ್ವಿ. ಹೇಳಿಬಿಟ್ವಿ ಅಂತಲೇ ಆಮೇಲೆ ಬಾಯಿಬಿಡೋಕೆ ಆಗಲಿಲ್ಲ. ನೀರು ಬಹಳ ದಿನ ಇರುತ್ತೆ. ಯಾರಾದ್ರೂ ಸಿಕ್ಕಿದ್ರೆ ಕಾಂಡೋಮ್ ಇಲ್ಲದೆ ಬೇಡ. ನಿನ್ನ ಮಾತ್ರೆ ಒಂದು ದಿನಾನೂ ತಪ್ಪಿಸಬೇಡ. ನಾನೂ ನನ್ನ ಮಾತ್ರೆಯನ್ನ ಆ ಕಡೆಗೆ ತಗೊಂಡು ಹೋಗ್ತಿದೀನಿ. ನೀರು ಹೋದ ದಿನ ಬಂದು ಏನಾಯ್ತೋ ಅದನ್ನ ಹೇಳೋಣ. ಇಷ್ಟು ಮಾತು ಕೊಡು, ಸಾಕು.’

ಅವನು ಮಾತ್ರೆ ಒಯ್ಯುತ್ತಿದ್ದಾನೆಂದು ಕೇಳಿ ಮೊದಲು ಹೊಟ್ಟೆ ಉರಿಯಿತು. ನಾನಿಲ್ಲದ ಕಡೆ ಅವನಿಗೆ ಅದು ಯಾಕೆ ಬೇಕು ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಹಿಂದೆಯೇ ಸಮಾಧಾನವೂ ಆಯಿತು, ಅವನಿಗೆ ಏನೂ ಆಗುವುದಿಲ್ಲವಲ್ಲ ಎಂದು. ಎರಡೂ ಒಟ್ಟಿಗೇ ಇದ್ದವು. ಮಾತು ಕೊಟ್ಟೆ. ಅವನು ಮರಳಿನಲ್ಲಿ ಬೇಗ ಬೇಗ ಹೆಜ್ಜೆ ಹಾಕುತ್ತಾ ಹೋದ. ಬೆಳಿಗ್ಗೆ ಎದ್ದಾಗ ನದಿ ಬಂದಿತ್ತು.

ಫ್ಲೋರಾ ಸಿಸ್ಟರ್ ನನ್ನ ರಕ್ತವನ್ನು ದೊಡ್ಡ ಊರಿಗೆ ಕಳಿಸಿದ್ದು ಅದಾದ ಕೆಲವು ದಿನಗಳ ಮೇಲೆ. ಫಲಿತಾಂಶ ಬಂದ ಬೆಳಿಗ್ಗೆ ಅವರೇ ಛತ್ರಿ ಹಿಡಿದು ಬೇಕರಿಗೆ ಬಂದರು. ಗಿರಾಕಿಗಳು ಹೋಗುವವರೆಗೆ ಕಾದು, ‘ಏನೂ ಕಾಣಿಸ್ತಿಲ್ಲ ಚಂದ್ರಹಾಸ. ಎಣಿಕೆಗೇ ಸಿಗ್ತಿಲ್ಲ. ಹೀಗೇ ಮಾತ್ರೆ ತಗೊಳ್ತಾ ಇದ್ರೆ ನಿನ್ನಿಂದ ಯಾರಿಗೂ ದಾಟಲ್ಲ’ ಎಂದರು. ನಾನು ಅವರಿಗೆ ಒಂದು ಕೇಕು ಕಟ್ಟಿಕೊಟ್ಟೆ. ಅವರು ಹೋದ ಮೇಲೆ ಒಳಗೆ ಹೋಗಿ ಮೂಟೆಗಳ ಮೇಲೆ ಕೂತೆ. ಆ ಒಣ ದಿನಗಳಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ ಪ್ರತಿ ಸಲದ ನೆನಪೂ ಬಂತು. ಈಗ ತಿರುಗಬೇಕಾಗಿಲ್ಲ, ಈಗ ನಡುವೆ ಅಷ್ಟು ನೀರು. ಇದನ್ನು ಹೇಳಲು ನನಗಿದ್ದವನು ಒಬ್ಬನೇ.

ಕೆಂಚಮ್ಮ ಮೆಟ್ಟಿಲ ಮೇಲೆ ಗೋಣಿಚೀಲ ಹೊದ್ದು ಕೂತಿದ್ದಳು. ನಾನು ಹೇಳಿದ್ದನ್ನು ಕೇಳಿ, ‘ಇದನ್ನ ನಾನು ಕೂಗಿದ್ರೆ ಚೆನ್ನಾಗಿರಲ್ಲ. ನೀನೇ ಕೂಗು. ಉಸಿರು ಹೊಟ್ಟೆಯಿಂದ ತಗೋ, ಗಾಳಿ ಆ ಕಡೆ ತಿರುಗಿದಾಗ ಬಿಡು’ ಎಂದಳು. ನಾನು ಹುಟ್ಟಿದಾಗಿನಿಂದ ನದಿಗೆ ಎದುರಾಗಿ ಕೂಗಿದವನಲ್ಲ. ಮೊದಲ ಕೂಗು ಗಂಟಲಲ್ಲೇ ಒಡೆಯಿತು. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನಕ್ಕಳು. ಎರಡನೆಯ ಸಲ ದಾನೇಶಾ ಎಂದು ಎಳೆದು ಕರೆದು, ರಕ್ತದಲ್ಲಿ ಏನೂ ಕಾಣಿಸ್ತಿಲ್ಲವಂತೆ ಎಂದು ಕೂಗಿದೆ. ಮತ್ತೆ ಕೂಗಿದೆ. ಹೊಟ್ಟೆ ನೋಯುವವರೆಗೂ ಕೂಗಿದೆ.

‘ಏನಣ್ಣಾ ಕಾಣಿಸ್ತಿಲ್ಲ?’ ಎಂದು ಆ ಹೆಂಗಸು ಕೇಳಿದಳು.

ನನಗೆ ಎಚ್‌ಐವಿ ಇದೆ, ಮಾತ್ರೆಯಿಂದ ಅದು ಅಡಗಿದೆ ಎಂದು ಹೇಳಬೇಕೆಂದುಕೊಂಡಿರಲಿಲ್ಲ, ಆದರೆ ಅಷ್ಟು ಕೂಗಿದ ಬಾಯಿಗೆ ಮುಚ್ಚಿಕೊಳ್ಳುವುದು ಮರೆತುಹೋಗಿತ್ತು. ಹೇಳಿಬಿಟ್ಟೆ. ಅವಳು ಸೀರೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ‘ಒಳ್ಳೇದಾಯ್ತಲ್ಲ’ ಎಂದು ಮತ್ತೆ ಹಿಂಡತೊಡಗಿದಳು. ನಾಳೆ ಅವಳು ನನ್ನ ಬೇಕರಿಗೆ ಬರುತ್ತಾಳೋ ಬಿಡುತ್ತಾಳೋ ನನಗೆ ತಿಳಿಯದು.

ಆ ದಡದಿಂದ ಬಹಳ ಹೊತ್ತು ಏನೂ ಬರಲಿಲ್ಲ. ಮಳೆ ಹನಿಯತೊಡಗಿತು. ಕೆಂಚಮ್ಮ ಗೋಣಿಚೀಲದ ಒಂದು ಅಂಚನ್ನು ನನ್ನ ತಲೆಯ ಮೇಲೂ ಎಳೆದಳು. ಆಮೇಲೆ ನೀರಿನ ಸದ್ದಿನೊಳಗಿಂದ ಏನೋ ಕೇಳಿಸಿತು. ಆ ಕಡೆಯ ಕೂಗುವವರ ದನಿಯಲ್ಲ, ಪಳಗಿದ ದನಿಯೇ ಅಲ್ಲ, ಒಡೆದು ಒಡೆದು ಬರುತ್ತಿತ್ತು. ನಾನು ಮಾತು ಹುಡುಕಿದೆ. ಮಾತೇನೂ ಇರಲಿಲ್ಲ. ಚಂದ್ರಹಾಸಾ ಎಂದು ನನ್ನ ಹೆಸರನ್ನಷ್ಟೇ ಕರೆಯುತ್ತಿದ್ದ, ಎರಡೂ ದಡಕ್ಕೆ ಕೇಳುವ ಹಾಗೆ.

ನಾನು ಎದ್ದು ನಿಂತು ಓ ಎಂದೆ. ಅವನು ಮತ್ತೆ ಕರೆದ. ಮತ್ತೆ ಓ ಎಂದೆ.